ಸೂಜಿ ಹಿಡಿಯುವ ಕೈಗೆ ಇಂಗ್ಲಿಷಿನ ಕೋಳ!

ನರ್ಸಿಂಗ್ ಓದುವ ಕನ್ನಡದ ಮಕ್ಕಳ ಕಣ್ಣೀರಿಗೆ ಹೊಣೆ ಯಾರು?

ಪಿಯುಸಿ ಫಲಿತಾಂಶ ಬಂದು ಕೆಲವು ವಾರ ಕಳೆದ ಮೇಲೆ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಸಿಂಧನೂರು, ಪಾವಗಡ, ಹಿರೇಕೆರೂರು, ಕೊಳ್ಳೇಗಾಲ, ಇಂಡಿ ಕಡೆಯ ಬಸ್ಸುಗಳಿಂದ ಸೂಟ್‌ಕೇಸು, ಚಾಪೆ, ಚಟ್ನಿಪುಡಿ ಡಬ್ಬಿ ಹಿಡಿದ ಹೆಣ್ಣುಮಕ್ಕಳು ಇಳಿಯುತ್ತಾರೆ. ಜೊತೆಯಲ್ಲಿ ಅಪ್ಪ, ಇಲ್ಲವೇ ಸೋದರಮಾವ. ಜೇಬಿನಲ್ಲಿ ಸಾಲ ಮಾಡಿ ತಂದ ದುಡ್ಡು. ಇವರೆಲ್ಲ ನರ್ಸಿಂಗ್ ಸೇರಲು ಬಂದವರು. ಮೂರು ವರ್ಷ ಕಳೆದರೆ ಮನೆಗೊಂದು ಸಂಬಳ ಬರುತ್ತದೆ, ತಮ್ಮನ ಓದು ಸಾಗುತ್ತದೆ, ಸಾಲ ತೀರುತ್ತದೆ ಎಂಬ ಲೆಕ್ಕ ಇಟ್ಟುಕೊಂಡು ಬಂದವರು.

ಎರಡು ತಿಂಗಳಾದ ಮೇಲೆ ಇದೇ ಮೆಜೆಸ್ಟಿಕ್‌ನಲ್ಲಿ ಅದೇ ಹುಡುಗಿಯರಲ್ಲಿ ಕೆಲವರು ಅದೇ ಸೂಟ್‌ಕೇಸು ಹಿಡಿದು ಊರಿನ ಬಸ್ಸು ಹತ್ತುತ್ತಾರೆ. ‘ನನ್ನ ಕೈಲಾಗಲ್ಲ ಅಪ್ಪಾ’ ಎನ್ನುತ್ತಾರೆ. ಉಳಿದವರು ಹಾಸ್ಟೆಲಿನ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ. ಕಾಲೇಜಿನವರನ್ನು ಕೇಳಿದರೆ ಸಿದ್ಧ ಉತ್ತರ: ‘ಹಳ್ಳಿ ಹುಡುಗಿ ಸಾರ್, ಮನಸ್ಸು ಗಟ್ಟಿ ಇಲ್ಲ, ಟೆನ್ಷನ್ ತಡಕೊಳ್ಳಲ್ಲ.’

ಮನಸ್ಸು ಗಟ್ಟಿ ಇಲ್ಲವಂತೆ! ಬೆಳಗಿನ ಜಾವ ಎದ್ದು ಹಸು ಕರೆದು, ಎರಡು ಮೈಲಿ ನಡೆದು ಕಾಲೇಜಿಗೆ ಹೋಗಿ, ಬಂದು ಅಜ್ಜಿಯ ಕಾಲು ಒತ್ತಿ, ಬುಡ್ಡಿ ದೀಪದಲ್ಲಾದರೂ ಓದಿ ಪಾಸಾದ ಹುಡುಗಿಯ ಮನಸ್ಸು ಗಟ್ಟಿ ಇಲ್ಲವಂತೆ! ಅವಳ ಮನಸ್ಸು ಗಟ್ಟಿಯಾಗಿಯೇ ಇದೆ ಸ್ವಾಮಿ. ಒಂದು ಹೊರೆ ಹೊರಲು ಬಂದವಳ ತಲೆಯ ಮೇಲೆ ನೀವು ಎರಡು ಹೊರೆ ಹೊರಿಸಿದ್ದೀರಿ. ಒಂದು ನರ್ಸಿಂಗ್ ವಿದ್ಯೆಯ ಹೊರೆ. ಇನ್ನೊಂದು ಇಂಗ್ಲಿಷಿನ ಹೊರೆ. ಈ ಎರಡನೆಯದನ್ನು ಅರ್ಧವಾದರೂ ಇಳಿಸಬಹುದು. ಇಳಿಸುವ ಮನಸ್ಸು ನಿಮಗೆ ಇಲ್ಲ, ಅಷ್ಟೆ.

ಮೊದಲನೆಯ ಹೊರೆ

ನಗರದ ನಮ್ಮ ಹುಡುಗರಿಗೆ ಈ ಓದು ಎಂಥದ್ದೆಂದು ತಿಳಿಯದು. ಜಿ.ಎನ್.ಎಂ. ಎಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ. ಮೂರು ವರ್ಷದ ಡಿಪ್ಲೊಮಾ. ಇದಕ್ಕೆ ವಿಜ್ಞಾನವನ್ನೇ ಓದಿರಬೇಕೆಂದಿಲ್ಲ, ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದವರಿಗೂ ಪ್ರವೇಶ ಉಂಟು. ಅಂದರೆ ನಿನ್ನೆಯವರೆಗೆ ಇತಿಹಾಸ, ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಓದಿದ ಹುಡುಗಿ ಇವತ್ತು ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಗಳ ಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಶುಶ್ರೂಷೆಯ ಮೂಲಪಾಠ, ಸಮುದಾಯ ಆರೋಗ್ಯ ಇಷ್ಟನ್ನೂ ಒಂದೇ ವರ್ಷದಲ್ಲಿ ನುಂಗಬೇಕು. ಮುಂದೆ ಮೆಡಿಕಲ್-ಸರ್ಜಿಕಲ್, ಮಾನಸಿಕ ರೋಗ, ಮಕ್ಕಳ ಶುಶ್ರೂಷೆ, ಹೆರಿಗೆ.

ಇದು ಬರೀ ಪುಸ್ತಕದ ಓದೂ ಅಲ್ಲ. ಬೆಳಿಗ್ಗೆ ಬೇಗ ವಾರ್ಡಿನಲ್ಲಿರಬೇಕು. ಹಾಸಿಗೆ ಹಾಸಬೇಕು, ಜ್ವರ-ನಾಡಿ-ಬಿ.ಪಿ. ನೋಡಿ ಬರೆಯಬೇಕು, ಮಲಮೂತ್ರದ ಪಾತ್ರೆ ಹಿಡಿಯಬೇಕು, ಗಾಯ ತೊಳೆಯಬೇಕು. ಮಧ್ಯಾಹ್ನ ತರಗತಿ. ರಾತ್ರಿ ಕೇಸ್ ಸ್ಟಡಿ, ಕೇರ್ ಪ್ಲ್ಯಾನ್, ರೆಕಾರ್ಡು ಬರೆಯಬೇಕು. ರೆಕಾರ್ಡಿಗೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವುದು ಕಷ್ಟ. ಇದರ ಮಧ್ಯೆ ರಾತ್ರಿ ಪಾಳಿ. ಮಧ್ಯರಾತ್ರಿಯಲ್ಲಿ ಎದುರಿಗೇ ಒಬ್ಬ ರೋಗಿಯ ಉಸಿರು ನಿಂತರೆ, ಹದಿನೆಂಟು ವರ್ಷದ ಹುಡುಗಿ ಆ ದೇಹವನ್ನು ಒರೆಸಿ, ಬಟ್ಟೆ ಹೊದಿಸಿ, ಬೆಳಿಗ್ಗೆ ಬಂದು ಇಡ್ಲಿ ತಿನ್ನಬೇಕು!

ಇದಿಷ್ಟೇ ಸಾಕು ಯಾರ ಎದೆಯನ್ನಾದರೂ ನಡುಗಿಸಲು. ಕಾನ್ವೆಂಟಿನಿಂದ ಬಂದವರಿಗೂ ಇದು ಕಷ್ಟವೇ. ಈ ಹೊರೆಯನ್ನು ಯಾರೂ ಇಳಿಸಲಾಗದು. ಇದು ಆ ವೃತ್ತಿಯ ಗುಣ. ಹೊತ್ತೇ ಕಲಿಯಬೇಕು.

ಎರಡನೆಯ ಹೊರೆ

ಆದರೆ ಕನ್ನಡ ಮಾಧ್ಯಮದ ಮಗುವಿಗೆ ಇದರ ಮೇಲೊಂದು ಚಪ್ಪಡಿ ಕಲ್ಲು. ಪಾಠ ಇಂಗ್ಲಿಷ್, ಪುಸ್ತಕ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್, ಬೈಗುಳವೂ ಇಂಗ್ಲಿಷ್!

ಆ ಮಗುವಿನ ತಲೆಯೊಳಗೆ ಏನಾಗುತ್ತದೆ ನೋಡಿ. ಸಾಲನ್ನು ಇಂಗ್ಲಿಷಿನಲ್ಲಿ ಓದುತ್ತಾಳೆ. ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತಾಳೆ. ಆಮೇಲೆ ಅರ್ಥ ಮಾಡಿಕೊಳ್ಳುತ್ತಾಳೆ. ಪರೀಕ್ಷೆಯಲ್ಲಿ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಬರೆಯುತ್ತಾಳೆ. ಪಕ್ಕದವಳು ಒಂದು ಗಂಟೆಯಲ್ಲಿ ಮುಗಿಸುವ ಪಾಠ ಇವಳಿಗೆ ಮೂರು ಗಂಟೆ. ಆ ಎರಡು ಗಂಟೆಯನ್ನು ಎಲ್ಲಿಂದ ತರುತ್ತಾಳೆ? ನಿದ್ದೆಯಿಂದ ಕದಿಯುತ್ತಾಳೆ, ಊಟದಿಂದ ಕದಿಯುತ್ತಾಳೆ. ನಿದ್ದೆಗೆಟ್ಟವಳು ಮರುದಿನ ವಾರ್ಡಿನಲ್ಲಿ ತಪ್ಪು ಮಾಡುತ್ತಾಳೆ. ತಪ್ಪು ಮಾಡಿದ್ದಕ್ಕೆ ಎಲ್ಲರೆದುರು ಬೈಸಿಕೊಳ್ಳುತ್ತಾಳೆ. ಬೈಸಿಕೊಂಡವಳಿಗೆ ರಾತ್ರಿ ಮತ್ತೆ ನಿದ್ದೆ ಇಲ್ಲ. ಇದೇ ಅವರು ಹೇಳುವ ಟೆನ್ಷನ್ನು! ಇದು ಅವಳ ಮನಸ್ಸಿನೊಳಗೆ ಹುಟ್ಟಿದ ಕಾಯಿಲೆಯಲ್ಲ. ಹೊರಗಿನಿಂದ ಹೇರಿದ್ದು.

ಇನ್ನೊಂದು ತಮಾಷೆ ನೋಡಿ. ಅವಳಿಗೆ ವಿಷಯ ಗೊತ್ತಿಲ್ಲವೆಂದಲ್ಲ, ಹೆಸರು ಗೊತ್ತಿಲ್ಲ ಅಷ್ಟೆ. ಕಾಮಾಲೆ ಗೊತ್ತು, ‘ಜಾಂಡಿಸ್’ ಗೊತ್ತಿಲ್ಲ. ಅಜ್ಜಿಯ ಕಾಲು ಊದಿ, ಬೆರಳಿಟ್ಟರೆ ಕುಳಿ ಬೀಳುವುದನ್ನು ಕಣ್ಣಾರೆ ಕಂಡಿದ್ದಾಳೆ, ‘ಎಡೀಮಾ’ ಗೊತ್ತಿಲ್ಲ. ಚಿಕ್ಕಪ್ಪ ಮೇಲುಸಿರು ಬಿಡುತ್ತಾ ಇಡೀ ರಾತ್ರಿ ಕೂತದ್ದು ನೋಡಿದ್ದಾಳೆ, ‘ಡಿಸ್ಪ್ನಿಯಾ’ ಗೊತ್ತಿಲ್ಲ. ‘ಇದನ್ನೆಲ್ಲ ನೀನು ಆಗಲೇ ಕಂಡಿದ್ದೀಯ, ಇದಕ್ಕೆ ಇಂಗ್ಲಿಷಿನಲ್ಲಿ ಹೀಗನ್ನುತ್ತಾರೆ’ ಎಂದು ಒಂದು ಮಾತು ಕನ್ನಡದಲ್ಲಿ ಹೇಳುವ ಟ್ಯೂಟರ್ ಸಿಕ್ಕಿದರೆ ಅವಳ ಮುಖ ಅರಳುತ್ತದೆ. ಆದರೆ ಎಷ್ಟೋ ಕಡೆ ಕನ್ನಡ ಬಲ್ಲ ಟ್ಯೂಟರ್ ಕೂಡ ತರಗತಿಯಲ್ಲಿ ಕನ್ನಡ ಮಾತಾಡಲು ನಾಚುತ್ತಾರೆ. ನಿರಭಿಮಾನಕ್ಕೂ ಒಂದು ಮಿತಿ ಬೇಡವೇ?

ಇದು ಬರೀ ಭಾವನೆಯ ಪ್ರಶ್ನೆ ಎಂದುಕೊಳ್ಳಬೇಡಿ ಗೆಳೆಯರೇ, ಜೀವದ ಪ್ರಶ್ನೆ. ‘ಹೈಪರ್’ ಎಂದರೆ ಹೆಚ್ಚು, ‘ಹೈಪೋ’ ಎಂದರೆ ಕಡಿಮೆ. ಕಿವಿಗೆ ಎರಡೂ ಅಕ್ಕತಂಗಿಯರಂತೆ ಕೇಳಿಸುತ್ತವೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದವನಿಗೆ ಇನ್ಸುಲಿನ್ ಮದ್ದು. ಸಕ್ಕರೆ ಕುಸಿದವನಿಗೆ ಅದೇ ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಉರು ಹೊಡೆದು ಪಾಸಾದ ನರ್ಸು ನಾಳೆ ನಿಮ್ಮ ತಾಯಿಯ ಹಾಸಿಗೆಯ ಪಕ್ಕ ನಿಂತಾಗ ನಿಮಗೆ ಬೇಕಾದ್ದು ಅವಳ ಇಂಗ್ಲಿಷೋ, ಅವಳ ತಿಳುವಳಿಕೆಯೋ?

ರೋಗಿ ನರಳುವುದು ಯಾವ ಭಾಷೆಯಲ್ಲಿ?

ವಿಕ್ಟೋರಿಯಾ ಆಸ್ಪತ್ರೆಗೆ ಹೋಗಿ. ವಾಣಿವಿಲಾಸಕ್ಕೆ ಹೋಗಿ. ಬೌರಿಂಗ್, ಜಯದೇವ, ಕಿದ್ವಾಯಿಗೆ ಹೋಗಿ. ಕೋಲಾರದಿಂದ, ರಾಯಚೂರಿನಿಂದ, ಚಾಮರಾಜನಗರದಿಂದ ಬಂದ ಜನ ವರಾಂಡದಲ್ಲಿ ಟವೆಲ್ ಹಾಸಿ ಮಲಗಿದ್ದಾರೆ. ಅವರ ನೋವಿನ ಭಾಷೆ ಕೇಳಿ. ‘ಎದೆ ಹಿಡಿದಂಗಾಯ್ತದೆ ತಾಯಿ’, ‘ಹೊಟ್ಟೆ ತೊಳಸ್ತದೆ’, ‘ಕೈಕಾಲು ಜೋಮು ಹಿಡೀತದೆ’, ‘ಕಣ್ಣು ಕತ್ತಲೆ ಬರ್ತದೆ’, ‘ಒಂದಕ್ಕೆ ಹೋದ್ರೆ ಉರಿ’. ಬೀದರ್ ಕಡೆಯ ಮುದುಕಿಯ ಮಾತು ಒಂದು ತರ, ಕುಂದಾಪುರದ ಮುದುಕಿಯ ಮಾತು ಇನ್ನೊಂದು ತರ. ಇದು ಯಾವ ಪಠ್ಯಪುಸ್ತಕದಲ್ಲಿದೆ? ಇದನ್ನು ಬಲ್ಲವರು ಯಾರು?

ಬಲ್ಲವಳು ಆ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿರುವ ಸಿಂಧನೂರಿನ ಹುಡುಗಿ! ರೋಗಿಯ ಬಾಯಿಂದ ಕಾಯಿಲೆಯ ಚರಿತ್ರೆ ತೆಗೆಯುವುದು ಶುಶ್ರೂಷೆಯ ಮೊದಲ ಪಾಠ. ಆ ಪಾಠದಲ್ಲಿ ಇಡೀ ವಾರ್ಡಿಗೇ ಮೊದಲ ರ್‍ಯಾಂಕು ಬರಬೇಕಾದವಳು ಅವಳು. ಅವಳನ್ನೇ ‘ವೀಕ್ ಸ್ಟೂಡೆಂಟ್’ ಎಂದು ಬರೆದಿಟ್ಟಿದ್ದೀರಿ. ಯಾರು ವೀಕು? ಮುದುಕಿ ಏನೆನ್ನುತ್ತಾಳೆಂದು ತಿಳಿಯದೆ ಪಕ್ಕದ ಬೆಡ್ಡಿನವರನ್ನು ದುಭಾಷಿ ಮಾಡಿಕೊಳ್ಳುವವರೋ, ಮುದುಕಿಯ ಕೈ ಹಿಡಿದು ‘ಯಾವಾಗಿನಿಂದ ಅಜ್ಜೀ?’ ಎಂದು ಕೇಳುವವಳೋ?

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಇಲ್ಲಿಗೆ ನರ್ಸಿಂಗ್ ಓದಲು ಬರುವ ಮಕ್ಕಳ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಸಾಲ ಮಾಡಿ ಬಂದ ಬಡವರ ಮಕ್ಕಳೇ. 2016ರಲ್ಲಿ ಕಲಬುರಗಿಯಲ್ಲಿ ಕೇರಳದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಗೆ ಹಿರಿಯ ವಿದ್ಯಾರ್ಥಿನಿಯರೇ ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದರೆಂಬ ಆರೋಪ ದೇಶವನ್ನೇ ಬೆಚ್ಚಿಬೀಳಿಸಿತ್ತು. ಮನೆ ಬಿಟ್ಟು ಬಂದ ಮಗು ಯಾವ ಭಾಷೆಯದಾದರೂ ಮಗುವೇ. ನಮ್ಮ ಜಗಳ ಇರುವುದು ಕರ್ನಾಟಕದ ನೆಲ, ನೀರು, ಕರೆಂಟು ಪಡೆದು ಕಾಲೇಜು ಕಟ್ಟಿ, ಕರ್ನಾಟಕದ ಮಗುವಿಗೆ ಅದರ ಭಾಷೆಯಲ್ಲಿ ಒಂದು ವಾಕ್ಯ ವಿವರಿಸದ ಆಡಳಿತ ಮಂಡಳಿಗಳ ಜೊತೆ.

ಮಲಯಾಳಿ ಮಕ್ಕಳಿಂದ ಕಲಿಯಬೇಕಾದದ್ದೂ ಇದೆ. ಅವರಲ್ಲಿ ಮೊದಲ ವರ್ಷದವಳಿಗೆ ಮೂರನೇ ವರ್ಷದ ‘ಚೇಚಿ’ ಇರುತ್ತಾಳೆ. ಹಳೆ ನೋಟ್ಸ್ ಕೊಡುತ್ತಾಳೆ, ಪಾಠವನ್ನು ಮಲಯಾಳದಲ್ಲೇ ಬಿಡಿಸಿ ಹೇಳುತ್ತಾಳೆ, ಮುಂದೆ ಕೆಲಸದ ದಾರಿಯನ್ನೂ ತೋರಿಸುತ್ತಾಳೆ. ತಾಯ್ನುಡಿಯಲ್ಲಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆಯುವುದು ಅವರ ಗುಟ್ಟು. ನಮ್ಮಲ್ಲಿ ಅಂಥ ಅಕ್ಕಂದಿರು ಎಷ್ಟು ಜನ? ಎರಡು ವರ್ಷ ಕಳೆಯುವಷ್ಟರಲ್ಲಿ ನಮ್ಮ ಅಕ್ಕಂದಿರು ಕನ್ನಡವೇ ಬಾರದವರಂತೆ ನಟಿಸುತ್ತಾರೆ!

ತಂಗೀ, ತಮ್ಮಾ, ಇಲ್ಲಿ ಕೇಳಿ

ಸರ್ಕಾರ ಏಳುವವರೆಗೆ ನೀವು ಕಾಯಲಾಗದು. ನಾಳೆ ಬೆಳಿಗ್ಗೆ ನಿಮಗೆ ಡ್ಯೂಟಿ ಇದೆ. ಆದ್ದರಿಂದ ನಿಮ್ಮ ಕೈಯಲ್ಲೇ ಇರುವ ಕೆಲವು ಉಪಾಯ. ಇವು ಅನುಭವಸ್ಥ ಸಿಸ್ಟರ್‌ಗಳು ಹೇಳುವ ಮಾತು, ನನ್ನ ಪಾಂಡಿತ್ಯವಲ್ಲ.

ಒಂದು: ಹೆದರಿಕೆಯ ಅರ್ಧ ಭಾಗ ಸುಳ್ಳು. ನೀವು ಇಂಗ್ಲಿಷ್ ಎಂದುಕೊಂಡು ಹೆದರುವ ಪದಗಳಲ್ಲಿ ಬಹಳಷ್ಟು ಇಂಗ್ಲಿಷೇ ಅಲ್ಲ, ಗ್ರೀಕ್ ಮತ್ತು ಲ್ಯಾಟಿನ್. ಚೀಟಿಯಲ್ಲಿ ಬರೆಯುವ ‘ಬಿ.ಡಿ.’, ‘ಟಿ.ಡಿ.ಎಸ್.’, ‘ಎಸ್.ಓ.ಎಸ್.’, ‘ಎನ್.ಪಿ.ಓ.’ ಎಲ್ಲವೂ ಲ್ಯಾಟಿನ್ ಮಾತುಗಳ ಮೊದಲಕ್ಷರ. ಕಾನ್ವೆಂಟಿನ ಹುಡುಗಿಗೂ ಅವು ಮೊದಲ ದಿನ ಹೊಸವೇ. ಆ ಓಟದಲ್ಲಿ ನೀವಿಬ್ಬರೂ ಒಂದೇ ಗೆರೆಯಲ್ಲಿ ನಿಂತಿದ್ದೀರಿ.

ಎರಡು: ಪದಗಳನ್ನು ಇಡಿಯಾಗಿ ಉರು ಹೊಡೆಯಬೇಡಿ, ಮುರಿದು ನೋಡಿ. ‘ಟ್ಯಾಕಿ’ ಬಂದರೆ ವೇಗ, ‘ಬ್ರಾಡಿ’ ಬಂದರೆ ನಿಧಾನ. ‘ಕಾರ್ಡಿ’ ಹೃದಯ, ‘ನೆಫ್ರ’ ಮೂತ್ರಪಿಂಡ, ‘ಹೆಪಟ’ ಯಕೃತ್ತು, ‘ಗ್ಯಾಸ್ಟ್ರ’ ಜಠರ. ಕೊನೆಯಲ್ಲಿ ‘ಐಟಿಸ್’ ಇದ್ದರೆ ಉರಿಯೂತ, ‘ಎಕ್ಟಮಿ’ ಇದ್ದರೆ ಕತ್ತರಿಸಿ ತೆಗೆಯುವುದು. ಇಂಥ ಒಂದು ನಲವತ್ತು ತುಂಡು ಗೊತ್ತಾದರೆ ನೂರಾರು ಪದ ತಾವಾಗಿ ಬಿಚ್ಚಿಕೊಳ್ಳುತ್ತವೆ. ನೂರು ಪುಟದ ನೋಟ್‌ಬುಕ್ಕಿಗೆ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಅದರ ತುಂಡುಗಳು, ಮೂರನೆಯದರಲ್ಲಿ ನಿಮ್ಮೂರ ಮಾತು. ಗ್ರಂಥದ ಕನ್ನಡ ಬೇಡ, ನಿಮ್ಮಜ್ಜಿ ಆಡುವ ಮಾತೇ ಇರಲಿ. ದಿನಕ್ಕೆ ಹತ್ತು ಪದ ಸಾಕು.

ಮೂರು: ಮೂರ್ನಾಲ್ಕು ಜನ ಸೇರಿ ಕನ್ನಡದಲ್ಲಿ ಚರ್ಚೆ ಮಾಡಿ, ಆಮೇಲೆ ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯ ಬರೆಯಿರಿ. ಪರೀಕ್ಷಕರಿಗೆ ಬೇಕಾದ್ದು ಸರಿಯಾದ ಅಂಶ ಮತ್ತು ನೀಟಾದ ಚಿತ್ರ. ಷೇಕ್ಸ್‌ಪಿಯರನ ಇಂಗ್ಲಿಷ್ ಅಲ್ಲ.

ನಾಲ್ಕು: ಅರ್ಥವಾಗದ್ದನ್ನು ಕೇಳಲು ನಾಚಬೇಡಿ. ‘ಸಿಸ್ಟರ್, ಇನ್ನೊಂದು ಸಲ ಹೇಳಿ’ ಎನ್ನಿ. ಬಾಯಲ್ಲಿ ಹೇಳಿದ ಔಷಧದ ಹೆಸರು, ಪ್ರಮಾಣವನ್ನು ಮರಳಿ ಹೇಳಿ ಖಚಿತ ಮಾಡಿಕೊಳ್ಳುವುದು ಜಗತ್ತಿನ ಎಲ್ಲ ಒಳ್ಳೆಯ ಆಸ್ಪತ್ರೆಗಳಲ್ಲೂ ನಿಯಮ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು ಎಂಬ ಐದು ‘ಸರಿ’ಗಳನ್ನು ನಿಮಗೇ ಕಲಿಸುತ್ತಾರಲ್ಲ! ಕೇಳಿದವಳು ದಡ್ಡಿಯಲ್ಲ. ಕೇಳದೆ ಸೂಜಿ ಚುಚ್ಚಿದವಳು ಅಪಾಯಕಾರಿ.

ಐದು: ರೆಕಾರ್ಡು ಅವತ್ತಿನದು ಅವತ್ತೇ ಮುಗಿಸಿ. ಒಂದು ವಾರದ್ದು ಸೇರಿಕೊಂಡರೆ ಅದು ಬಡ್ಡಿ ಸಾಲದ ಹಾಗೆ. ವಾರ್ಡಿನಲ್ಲಿ ಒಂದು ಚಿಕ್ಕ ಜೇಬು ಪುಸ್ತಕ ಇಟ್ಟುಕೊಂಡು ಆಗಿಂದಾಗ್ಗೆ ಕನ್ನಡದಲ್ಲೇ ಗೀಚಿಕೊಳ್ಳಿ. ರಾತ್ರಿ ನೆನಪು ಮಾಡಿಕೊಳ್ಳುವ ಕೆಲಸ ಉಳಿಯುತ್ತದೆ. ರೋಗಿಯ ಹೆಸರು ಮಾತ್ರ ಬರೆಯಬೇಡಿ, ಬೆಡ್ ನಂಬರ್ ಸಾಕು.

ಆರು: ಹೊಟ್ಟೆ ಮತ್ತು ನಿದ್ದೆ. ಖಾಲಿ ಹೊಟ್ಟೆಯಲ್ಲಿ ಡ್ಯೂಟಿಗೆ ಹೋಗಿ ತಲೆ ಸುತ್ತಿ ಬಿದ್ದರೆ ‘ಇವಳಿಗೆ ರಕ್ತ ನೋಡಿದರೆ ಭಯ’ ಎನ್ನುತ್ತಾರೆ. ಒಂದು ಬಾಳೆಹಣ್ಣು, ಎರಡು ಚಪಾತಿಯಾದರೂ ತಿಂದು ಹೋಗಿ. ರಾತ್ರಿ ಪಾಳಿಯಲ್ಲಿ ಬೆಳಗಿನ ಜಾವ ಕಾಫಿ ಕುಡಿಯಬೇಡಿ, ಬಂದು ಮಲಗಿದರೆ ನಿದ್ದೆ ಹತ್ತದು. ಹಗಲು ಮಲಗುವಾಗ ಕಣ್ಣಿಗೊಂದು ಕಪ್ಪು ಬಟ್ಟೆ ಕಟ್ಟಿ, ಮೊಬೈಲ್ ದೂರ ಇಡಿ. ಎದೆ ಡವಗುಟ್ಟಿದಾಗ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡಿ, ಹತ್ತು ಸಲ. ಹಾಸಿಗೆ ಪಕ್ಕ ನಿಂತೇ ಮಾಡಬಹುದು, ಯಾರಿಗೂ ಗೊತ್ತಾಗದು.

ಏಳು: ಮೊದಲ ಸಾವು. ಅದನ್ನು ಒಳಗೇ ನುಂಗಬೇಡಿ. ಹಿರಿಯ ಸಿಸ್ಟರ್ ಹತ್ತಿರವೋ, ರೂಮಿನ ಗೆಳತಿಯ ಹತ್ತಿರವೋ ಹೇಳಿಕೊಳ್ಳಿ. ಅತ್ತರೆ ಅಳಿ. ಸತ್ತವರಿಗಾಗಿ ಕಣ್ಣು ಒದ್ದೆಯಾಗುವ ನರ್ಸು ಕೆಟ್ಟ ನರ್ಸಲ್ಲ. ಅಮ್ಮನಿಗೆ ಫೋನ್ ಮಾಡಿ ‘ಚೆನ್ನಾಗಿದೀನಿ’ ಎಂದು ಸುಳ್ಳು ಹೇಳುವುದಕ್ಕಿಂತ ‘ಇವತ್ತು ಕಷ್ಟ ಆಯ್ತಮ್ಮ’ ಎಂದು ನಿಜ ಹೇಳಿ. ಹೊಲದಲ್ಲಿ ಬೆಳೆ ಒಣಗಿದ್ದನ್ನು ಕಂಡವಳು ಅವಳು, ನಿಮ್ಮ ಮಾತಿಗೆ ಕುಸಿಯುವುದಿಲ್ಲ.

ಎಂಟು, ಇದನ್ನು ಮರೆಯಬೇಡಿ: ಎರಡು ವಾರಕ್ಕೂ ಮೀರಿ ನಿದ್ದೆ ಇಲ್ಲ, ಊಟ ಸೇರದು, ಯಾವುದರಲ್ಲೂ ಮನಸ್ಸಿಲ್ಲ, ಸುಮ್ಮಸುಮ್ಮನೆ ಅಳು ಎಂದಾದರೆ ಅದು ಬರೀ ದಣಿವಲ್ಲ, ನೆರವು ಬೇಕು. ಬದುಕೇ ಬೇಡ ಎನ್ನಿಸಿದರೆ ಎರಡು ವಾರ ಕಾಯಬೇಡಿ, ಆ ಗಳಿಗೆಯಲ್ಲೇ ಯಾರಿಗಾದರೂ ಹೇಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ‘ಟೆಲಿ ಮಾನಸ್’ ಸಹಾಯವಾಣಿಯ ನಂಬರು 14416. ದುಡ್ಡು ಬೇಕಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರ್‍ಯಾಗಿಂಗ್ ಆದರೆ ಯುಜಿಸಿಯ 1800-180-5522. ರ್‍ಯಾಗಿಂಗ್ ನಮ್ಮ ರಾಜ್ಯದ 1983ರ ಶಿಕ್ಷಣ ಕಾಯ್ದೆಯಲ್ಲೇ ಶಿಕ್ಷೆ ಇರುವ ಅಪರಾಧ. ‘ಸಂಪ್ರದಾಯ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಗಂಡುಮಕ್ಕಳಿಗೆ ಒಂದು ಮಾತು. ‘ಬ್ರದರ್’ ಎಂದು ಕರೆಸಿಕೊಳ್ಳುವ ನಿಮ್ಮನ್ನು ಊರಿನಲ್ಲಿ ‘ಹೆಂಗಸರ ಕೆಲಸಕ್ಕೆ ಹೋದ’ ಎಂದು ಆಡಿಕೊಳ್ಳುತ್ತಾರೆ. 2020, 2021ರ ಕೊರೋನಾ ಕಾಲದಲ್ಲಿ ಮಕ್ಕಳೇ ಅಪ್ಪನನ್ನು ಮುಟ್ಟಲು ಹೆದರುತ್ತಿದ್ದಾಗ ಮುಟ್ಟಿದ್ದು ಯಾರ ಕೈ ಎಂದು ಅವರನ್ನೇ ಕೇಳಿ.

ಒಬ್ಬ ಮುದ್ರಕನ ಲೆಕ್ಕ

ಈಗ ಆಡಳಿತ ಮಂಡಳಿಗಳ, ಸರ್ಕಾರದ ಸರದಿ. ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ನರ್ಸಿಂಗ್ ಕಾಲೇಜುಗಳ ರೆಕಾರ್ಡ್ ಬುಕ್ಕು, ಕೇಸ್ ಶೀಟು, ಹಾಜರಿ ಪುಸ್ತಕ ಅಚ್ಚು ಹಾಕುವ ಕಸುಬು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಂಗ್ಲಿಷ್. ಕನ್ನಡದಲ್ಲಿ ಅಚ್ಚು ಮಾಡಿಕೊಡಿ ಎಂದು ಬರುವುದು ಎರಡೇ ವಾಕ್ಯ: ‘ಕಟ್ಟಿದ ಶುಲ್ಕ ವಾಪಸು ಕೊಡಲಾಗುವುದಿಲ್ಲ’, ‘ಬೆಲೆಬಾಳುವ ವಸ್ತುಗಳಿಗೆ ಆಡಳಿತ ಜವಾಬ್ದಾರಿಯಲ್ಲ’. ದುಡ್ಡು ಕಸಿಯಲು ಕನ್ನಡ ಬೇಕು, ವಿದ್ಯೆ ಕೊಡಲು ಬೇಡ!

ಕನ್ನಡದಲ್ಲಿ ಪದಕೋಶ ಕೊಡುವುದು ಕಷ್ಟ, ದುಬಾರಿ ಎನ್ನುತ್ತಾರೆ. ಬನ್ನಿ, ಲೆಕ್ಕ ಹಾಕೋಣ. ಏಪ್ರನ್ ಜೇಬಿಗೆ ಹಿಡಿಯುವ ಡೆಮಿ 1/16 ಆಕಾರ. ಒಂದು ಫಾರಂಗೆ 32 ಪುಟ. ಎರಡು ಫಾರಂ ಎಂದರೆ 64 ಪುಟ. ಪುಟಕ್ಕೆ 15 ಪದ ಇಟ್ಟರೂ 900 ಪದಕ್ಕೆ ಧಾರಾಳ ಜಾಗ. ಒಂದೇ ಬಣ್ಣ, ನಡುವೆ ಎರಡು ಪಿನ್ನು. ಐದು ಸಾವಿರ ಪ್ರತಿ ಹಾಕಿದರೆ ಒಂದು ಪ್ರತಿಗೆ ಬೀಳುವ ಖರ್ಚು ಬೆಂಗಳೂರಿನ ಹೋಟೆಲಿನ ಒಂದು ಮಸಾಲೆದೋಸೆಗಿಂತ ಕಡಿಮೆ. ವರ್ಷಕ್ಕೆ ಲಕ್ಷಗಟ್ಟಲೆ ಫೀಸು ಎಣಿಸಿಕೊಳ್ಳುವವರಿಗೆ ಒಂದು ದೋಸೆಯ ದುಡ್ಡು ಭಾರವೇ?

ಪದ ಎಲ್ಲಿಂದ ತರುವುದು ಎಂಬ ಕುಂಟುನೆಪವೂ ಬೇಡ. ವೈದ್ಯಕೀಯ ಪದಗಳ ಹುಟ್ಟು-ರಚನೆಯನ್ನೇ ಬಿಡಿಸಿ ಬರೆದ ಡಾ. ಡಿ.ಎಸ್. ಶಿವಪ್ಪನವರು ನಮ್ಮವರು. ತಾಯಿ-ಮಗುವಿನ ಆರೋಗ್ಯವನ್ನು ಮನೆಮನೆಗೆ ಕನ್ನಡದಲ್ಲಿ ಮುಟ್ಟಿಸಿದ ಡಾ. ಅನುಪಮಾ ನಿರಂಜನ ನಮ್ಮವರು. ಮನಸ್ಸಿನ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರಿಗೆ, ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಗೊತ್ತಿರಲಿ. ‘ಕೊರವಂಜಿ’ಯ ರಾಶಿ ಎಂದು ನಾಡು ನಗಿಸಿದವರು ಅವರೇ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಒತ್ತಡದ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕಗಳು ಒಂದೆರಡಲ್ಲ. ಭಂಡಾರ ತುಂಬಿದೆ. ಬೀಗದ ಕೈ ಹಿಡಿದವರಿಗೆ ತೆರೆಯುವ ಮನಸ್ಸಿಲ್ಲ.

ವೈದ್ಯವಿದ್ಯೆ ದೇಶಭಾಷೆಯಲ್ಲಿ ಸಾಧ್ಯವಿಲ್ಲ ಎನ್ನುವ ಮಹನೀಯರೇ, ಹೈದರಾಬಾದಿನಲ್ಲಿ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ನಿಜಾಮರ ಕಾಲದಲ್ಲಿ ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿತು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸೀಮೆಯಲ್ಲಿದ್ದವು. 2022ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶ ಸರ್ಕಾರ ಎಂ.ಬಿ.ಬಿ.ಎಸ್. ಮೊದಲ ವರ್ಷದ ಪುಸ್ತಕಗಳನ್ನು ಹಿಂದಿಯಲ್ಲಿ ಹೊರತಂದಿತು. ತಾಂತ್ರಿಕ ಪದಗಳನ್ನು ಹಾಗೆಯೇ ಇಟ್ಟು ವಿವರಣೆಯನ್ನು ಹಿಂದಿಯಲ್ಲಿ ಕೊಟ್ಟರು. ಹಿಂದಿಗೆ ಸಾಧ್ಯವಾದದ್ದು ಎರಡು ಸಾವಿರ ವರ್ಷದ ಕನ್ನಡಕ್ಕೆ ಅಸಾಧ್ಯವೇ? ಹಿಂದಿಗೆ ಬೆನ್ನು ತಟ್ಟುವ ದಿಲ್ಲಿಯ ಕೈ ಕನ್ನಡದ ಬೆನ್ನಿಗೆ ಎಟುಕುವುದಿಲ್ಲವೇ?

‘ಇಂಗ್ಲಿಷ್ ಇಲ್ಲದಿದ್ದರೆ ಫಾರಿನ್ನಿಗೆ ಹೋಗುವುದು ಹೇಗೆ?’ ಎಂದು ಕೇಳುವ ಬುದ್ಧಿವಂತರಿಗೆ ಉತ್ತರ ಇದೆ. ನಾವು ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸಿ, ಮೊದಲ ವರ್ಷದ ಪಠ್ಯದಲ್ಲಿ ಅದು ಇದ್ದೇ ಇದೆ. ಆದರೆ ಜರ್ಮನಿಗೆ ಹೋಗುವ ನಮ್ಮ ನರ್ಸುಗಳನ್ನು ನೋಡಿ. ಎಷ್ಟೇ ಇಂಗ್ಲಿಷ್ ಬಂದರೂ ಜರ್ಮನ್ ಕಲಿತು ಪರೀಕ್ಷೆ ಪಾಸಾಗದೆ ಅಲ್ಲಿ ನರ್ಸಾಗಿ ನೋಂದಣಿ ಇಲ್ಲ. ಯಾಕೆ? ಅಲ್ಲಿಯ ರೋಗಿ ನರಳುವುದು ಜರ್ಮನ್ ಭಾಷೆಯಲ್ಲಿ. ಜರ್ಮನಿಯ ಮುದುಕನಿಗೆ ಇರುವ ಮರ್ಯಾದೆ ಜಗಳೂರಿನ ಮುದುಕನಿಗೆ ಯಾಕಿಲ್ಲ?

ನಮ್ಮ ಹಕ್ಕೊತ್ತಾಯ

ಜಿ.ಎನ್.ಎಂ. ಪರೀಕ್ಷೆ ನಡೆಸುವ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ಬಿ.ಎಸ್ಸಿ. ನರ್ಸಿಂಗ್ ನೋಡಿಕೊಳ್ಳುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ರಾಜ್ಯ ಶುಶ್ರೂಷಾ ಪರಿಷತ್ತು, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಒಂದು ಮೇಜಿನ ಸುತ್ತ ಕೂರಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಎಂಬ ಕಾನೂನನ್ನು ಮಾಡಿಕೊಂಡಿದ್ದೇವೆ. ಅದು ಕಪಾಟಿನಲ್ಲಿ ಧೂಳು ತಿನ್ನಲಿಕ್ಕಲ್ಲ.

ಕೇಳುವುದು ಐದೇ. ಪ್ರತಿ ವಿದ್ಯಾರ್ಥಿಗೆ ಮೊದಲ ದಿನವೇ ಜೇಬು ಪದಕೋಶ. ಮೊದಲ ತಿಂಗಳು ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲಿ ವಿವರಿಸುವ ಸೇತುವೆ ತರಗತಿ. ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷಿನ ಕೆಳಗೆ ಕನ್ನಡ. ಪ್ರತಿ ಕಾಲೇಜಿನಲ್ಲಿ ಕನ್ನಡ ಬಲ್ಲ ಒಬ್ಬ ಆಪ್ತ ಸಮಾಲೋಚಕರು. ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ರೋಗಿಯೊಡನೆ ಮಾತಾಡುವಷ್ಟು ಕನ್ನಡ, ಬರೀ ಹೆಸರಿಗಲ್ಲದೆ ವಾರ್ಡಿನಲ್ಲೇ ಪರೀಕ್ಷೆ ಮಾಡಿ. ಇದರಿಂದ ಹೊರಗಿನ ಮಕ್ಕಳ ಒತ್ತಡವೂ ಇಳಿಯುತ್ತದೆ.

ಜೊತೆಗೊಂದು ಪುಟ್ಟ ಆಸೆ. ನರ್ಸಿಂಗ್ ಶಾಲೆಗಳಲ್ಲಿ ದೀಪ ಬೆಳಗುವ ಸಮಾರಂಭ ಮಾಡುತ್ತಾರೆ. ಕೈಯಲ್ಲಿ ಉರಿಯುವ ದೀಪ ಹಿಡಿದು ಮಕ್ಕಳು ನೈಟಿಂಗೇಲ್ ಪ್ರತಿಜ್ಞೆ ಓದುತ್ತಾರೆ. ಅದನ್ನು ಬರೆದದ್ದು ನೈಟಿಂಗೇಲ್ ಅಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಒಂದು ನರ್ಸಿಂಗ್ ಶಾಲೆಯವರು. ತಮ್ಮ ಶಾಲೆಯ ಮಕ್ಕಳಿಗಾಗಿ ತಮ್ಮ ಭಾಷೆಯಲ್ಲಿ ಬರೆದುಕೊಂಡರು. ಸಭೆಯಲ್ಲಿ ಕೂತ ನಮ್ಮ ಅಪ್ಪ ಅಮ್ಮಂದಿರಿಗೆ ಮಗಳು ಏನೆಂದು ಆಣೆ ಮಾಡಿದಳೆಂದೇ ತಿಳಿಯುವುದಿಲ್ಲ! ಆ ಪ್ರತಿಜ್ಞೆ ಕನ್ನಡದಲ್ಲಿ ಮೊಳಗಲಿ.

ಕೊನೆಗೆ ನಗರದ ಕನ್ನಡದ ಹುಡುಗರೇ, ನಿಮಗೆ. ನವೆಂಬರ್ ಬಂದರೆ ಬೀದಿಬೀದಿಯಲ್ಲಿ ಬಾವುಟ, ತೋರಣ, ಆರ್ಕೆಸ್ಟ್ರಾ. ಬೇಡ ಎನ್ನುವುದಿಲ್ಲ, ಹಬ್ಬ ಮಾಡಿ. ಆದರೆ ಆರ್ಕೆಸ್ಟ್ರಾದ ಒಂದು ಗಂಟೆಯ ದುಡ್ಡು ಉಳಿಸಿ. ನಿಮ್ಮ ಬಡಾವಣೆಯ ನರ್ಸಿಂಗ್ ಹಾಸ್ಟೆಲಿನ ಹುಡುಗಿಯರಿಗೆ ಒಂದು ಪದಕೋಶ ಅಚ್ಚು ಹಾಕಿಸಿ ಕೊಡಿ. ಪದಗಳನ್ನು ಹಿರಿಯ ಸಿಸ್ಟರ್‌ಗಳು, ಕನ್ನಡದ ಡಾಕ್ಟರರು ತಿದ್ದಿ ಕೊಡಲಿ. ಕಾಗದದ ಖರ್ಚು ನಿಮ್ಮದು. ಮುದ್ರಣದ ಕೂಲಿ ನನ್ನದು, ಬಿಡಿಗಾಸು ಬೇಡ.

ನಾಳೆ ನಮ್ಮಲ್ಲಿ ಯಾರಾದರೂ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಲೇಬೇಕು. ಆಗ ಹಣೆ ಮುಟ್ಟಿ ‘ಎಲ್ಲಿ ನೋವು?’ ಎಂದು ಕನ್ನಡದಲ್ಲಿ ಕೇಳುವ ಕೈ ಇವತ್ತು ಯಾವುದೋ ಹಾಸ್ಟೆಲಿನಲ್ಲಿ ಸೂಟ್‌ಕೇಸು ಕಟ್ಟುತ್ತಿದೆ. ಅದನ್ನು ಊರಿಗೆ ವಾಪಸು ಹೋಗಲು ಬಿಡಬೇಡಿ.

ಸಿರಿಗನ್ನಡಂ ಗೆಲ್ಗೆ!